ಬಹಿಷ್ಕಾರದ ಬೆಲೆಯನ್ನು ಸಣ್ಣ ಅಂಗಡಿಯವರ ತಲೆಗೆ ಕಟ್ಟಬೇಡಿ

ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಎಲೆಕ್ಟ್ರಿಕಲ್ ಮತ್ತು ಫ್ಯಾನ್ಸಿ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದೇನೆ. ಬಲ್ಬು, ವೈರು, ಚಾರ್ಜರು, ಮಕ್ಕಳ ಆಟಿಕೆ ಮಾರುತ್ತೇನೆ. ದೀಪಾವಳಿಗೆ ಸೀರಿಯಲ್ ಸೆಟ್ಟು, ಆಗಸ್ಟ್ ತಿಂಗಳಲ್ಲಿ ಬಾವುಟ. ಮಾಲು ತರುವುದು ಬೆಂಗಳೂರಿನ ಚಿಕ್ಕಪೇಟೆ ಮತ್ತು ಎಸ್.ಪಿ. ರಸ್ತೆಯಿಂದ. ಬೇರೆ ದೇಶದ ವಸ್ತುಗಳನ್ನು ಬಹಿಷ್ಕರಿಸಿ ಎಂಬ ಕರೆ ಎದ್ದಾಗಲೆಲ್ಲ ಅದರ ಬಿಸಿ ಮೊದಲು ತಟ್ಟುವುದು ನಮ್ಮಂಥವರಿಗೆ. ದೇಶದೊಳಗೆ ಯಾವ ವಸ್ತು ಬರಬೇಕು, ಎಷ್ಟು ಸುಂಕ ಕಟ್ಟಿ ಬರಬೇಕು ಎಂಬ ಮಾತು ನಡೆಯುವುದು ತಮ್ಮ ಇಲಾಖೆಯಲ್ಲಿ. ಅದಕ್ಕೇ ಈ ಪತ್ರ ತಮಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಬಹಿಷ್ಕಾರದ ವಿರೋಧಿಯಲ್ಲ. ಕೈಯಲ್ಲಿ ಬಂದೂಕಿಲ್ಲದ ಜನರಿಗೆ ಇರುವ ದೊಡ್ಡ ಅಸ್ತ್ರ ಅದು. ನಮ್ಮ ಹಿರಿಯರು ಅದನ್ನು ಬಳಸಿ ಸಾಮ್ರಾಜ್ಯವನ್ನೇ ಅಲುಗಾಡಿಸಿದ್ದಾರೆ. ನನ್ನ ದೂರು, ಆ ಅಸ್ತ್ರವನ್ನು ಈಗ ಯಾರ ಮೇಲೆ ಬೀಸಲಾಗುತ್ತಿದೆ ಎಂಬುದರ ಬಗ್ಗೆ.

2020ರ ಜೂನ್ 15ರ ರಾತ್ರಿ ಲಡಾಖಿನ ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆ ನಡೆದ ಘರ್ಷಣೆಯಲ್ಲಿ ಕರ್ನಲ್ ಸಂತೋಷ್ ಬಾಬು ಸೇರಿ ನಮ್ಮ 20 ಯೋಧರು ಹುತಾತ್ಮರಾದರು. ಆ ವಾರ ನಮ್ಮೂರಲ್ಲೂ ದುಃಖವಿತ್ತು, ಸಿಟ್ಟಿತ್ತು. ನನಗೂ ಇತ್ತು. ಲಾಕ್‌ಡೌನ್ ಸಡಿಲವಾಗಿ ಅಂಗಡಿ ಬಾಗಿಲು ತೆಗೆದು ಹೆಚ್ಚು ದಿನ ಆಗಿರಲಿಲ್ಲ. ಒಂದು ಸಂಜೆ ಹತ್ತು ಹನ್ನೆರಡು ಹುಡುಗರು ಬಂದು, ಚೀನಾ ಮಾಲೆಲ್ಲ ಹೊರಗೆ ತೆಗೀರಿ ಎಂದರು. ಕೆಲವರು ಗುರುತಿನವರೇ. ಅಣ್ಣ ಎಂದೇ ಮಾತಾಡಿಸಿದರು. ನಾನು ತೆಗೆಯುವುದಕ್ಕೂ ಮುಂಚೆ ಒಬ್ಬ ಒಳಗೆ ನುಗ್ಗಿ ಸೀರಿಯಲ್ ಸೆಟ್ಟಿನ ಬಾಕ್ಸುಗಳನ್ನು, ರಿಮೋಟ್ ಕಾರುಗಳನ್ನು ಎಳೆದುಕೊಂಡು ಹೋದ. ಸರ್ಕಲ್ಲಿನಲ್ಲಿ ರಾಶಿ ಹಾಕಿ ಬೆಂಕಿ ಕೊಟ್ಟರು. ಎಲ್ಲರೂ ಫೋನ್ ಹಿಡಿದು ವಿಡಿಯೋ ಮಾಡಿಕೊಂಡರು. ಆ ಫೋನುಗಳಲ್ಲಿ ಹೆಚ್ಚಿನವು ಚೀನಾ ಕಂಪನಿಗಳವೇ.

ಆ ಮಾಲಿಗೆ ನಾನು ಆಗಲೇ ದುಡ್ಡು ಕೊಟ್ಟಿದ್ದೆ. ಬಿಲ್ಲಿತ್ತು, ಜಿಎಸ್‌ಟಿ ಕಟ್ಟಿತ್ತು. ಚಿಕ್ಕಪೇಟೆಯ ಹೋಲ್‌ಸೇಲ್ ವ್ಯಾಪಾರಿಗೆ ಅವನ ದುಡ್ಡು ಬಂದಿತ್ತು, ಆಮದುದಾರನಿಗೆ ಅವನದು ಬಂದಿತ್ತು, ಸರ್ಕಾರಕ್ಕೆ ಸುಂಕ ಬಂದಿತ್ತು. ಚೀನಾದ ಕಾರ್ಖಾನೆಗೆ ತಿಂಗಳುಗಳ ಹಿಂದೆಯೇ ಹಣ ಸಂದಾಯವಾಗಿತ್ತು. ಆ ಬೆಂಕಿಯಿಂದ ಅವರಿಗೆ ಒಂದು ಪೈಸೆ ನಷ್ಟವಾಗಲಿಲ್ಲ. ನಷ್ಟ ಪೂರ್ತಿ ನನ್ನ ಅಂಗಡಿಗೆ. ದೂರು ಕೊಡಲು ಹೋದಾಗ, ಇಂಥ ಹೊತ್ತಲ್ಲಿ ಯಾಕೆ ಸುಮ್ನೆ ಎದುರು ಹಾಕ್ಕೋತೀರಿ ಎಂಬ ಬುದ್ಧಿಮಾತು ಸಿಕ್ಕಿತು. ಆ ಮಾಲನ್ನು ದೇಶದೊಳಗೆ ಬಿಟ್ಟವನು ನಾನಾ, ಸಚಿವರೇ? ಬಂದರಿನಲ್ಲಿ ಸರ್ಕಾರದ ಮುದ್ರೆ ಬಿದ್ದು ಬಂದ ವಸ್ತು ನನ್ನ ಅಂಗಡಿಯ ಕಪಾಟಿಗೆ ಬಂದ ಕೂಡಲೇ ದೇಶದ್ರೋಹದ ವಸ್ತು ಹೇಗಾಗುತ್ತದೆ?

ಸರ್ಕಾರ ಆಗ ಕೆಲವು ಕ್ರಮ ತೆಗೆದುಕೊಂಡದ್ದು ನಿಜ. ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಜುಲೈನಲ್ಲಿ, ನಮ್ಮ ಜೊತೆ ಭೂಗಡಿ ಇರುವ ದೇಶಗಳ ಕಂಪನಿಗಳು ಮೊದಲು ನೋಂದಣಿ ಮಾಡಿಸದೆ ಸರ್ಕಾರಿ ಟೆಂಡರ್ ಹಾಕುವಂತಿಲ್ಲ ಎಂಬ ನಿಯಮ ತಂದಿತು. ಐಪಿಎಲ್‌ನ ಪ್ರಾಯೋಜಕತ್ವದಿಂದ ಚೀನಾದ ಮೊಬೈಲ್ ಕಂಪನಿ ವಿವೊ ಆ ವರ್ಷ ಹಿಂದೆ ಸರಿಯಿತು. ಮರುವರ್ಷ ಅದೇ ಕಂಪನಿ ವಾಪಸ್ ಬಂತು. ಯಾರೂ ಕ್ರೀಡಾಂಗಣದ ಮುಂದೆ ಬೆಂಕಿ ಹಾಕಲಿಲ್ಲ.

ಆಮದಿನ ಲೆಕ್ಕ ತಮ್ಮ ಇಲಾಖೆಯದ್ದೇ. 2019-20ರಲ್ಲಿ ಚೀನಾದಿಂದ ಬಂದ ಮಾಲಿನ ಬೆಲೆ ಸುಮಾರು 6,500 ಕೋಟಿ ಡಾಲರ್. ಗಾಲ್ವಾನ್ ನಡೆದ ವರ್ಷವೂ ಹೆಚ್ಚುಕಮ್ಮಿ ಅಷ್ಟೇ. 2021-22ರಲ್ಲಿ ಅದು 9,400 ಕೋಟಿ ದಾಟಿತು. 2024-25ರಲ್ಲಿ 11,300 ಕೋಟಿ ಡಾಲರ್ ದಾಟಿತು. ನಾವು ಅವರಿಗೆ ಮಾರುವುದಕ್ಕಿಂತ ಅವರಿಂದ ಕೊಳ್ಳುವುದು ಎಷ್ಟು ಜಾಸ್ತಿ ಎಂದರೆ ಆ ಅಂತರವೇ ಆ ವರ್ಷ ಸುಮಾರು 9,900 ಕೋಟಿ ಡಾಲರ್. ಇದು ಸೀರಿಯಲ್ ಸೆಟ್ಟಿನ ಲೆಕ್ಕ ಅಲ್ಲ. ಮೊಬೈಲ್ ಬಿಡಿಭಾಗ, ಯಂತ್ರ, ಬ್ಯಾಟರಿ, ಸೋಲಾರ್ ಸೆಲ್, ರಾಸಾಯನಿಕ, ಔಷಧಿಯ ಕಚ್ಚಾ ಮಾಲು. ನಾವು ಹೊರಗಿನಿಂದ ತರುವ ಔಷಧಿ ಕಚ್ಚಾ ಮಾಲಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಚೀನಾದ್ದು. ಆ ಸಂಜೆ ಬೆಂಕಿ ಹಾಕಿದ ಹುಡುಗರ ಮನೆಯಲ್ಲೂ ಜ್ವರಕ್ಕೆ ಮಾತ್ರೆ ನುಂಗುವವರು ಇರುತ್ತಾರೆ ಅಲ್ವಾ? ಆ ಮಾತ್ರೆಯನ್ನು ಬಿಡಿ ಎಂದು ನಾನಂತೂ ಹೇಳಲಾರೆ.

ಬೆಂಗಳೂರಿನ ಮೆಟ್ರೊ ಕಥೆಯನ್ನು ತಾವು ಬಲ್ಲಿರಿ. 216 ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಯಿತು. ಮುಂದಿನ ವರ್ಷ ಗಡಿಯಲ್ಲಿ ಘರ್ಷಣೆಯಾಯಿತು, ನಿಯಮ ಬಿಗಿಯಾಯಿತು, ಚೀನಾದ ಎಂಜಿನಿಯರುಗಳಿಗೆ ವೀಸಾ ಸಿಗುವುದು ಕಷ್ಟವಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳಿ ಸಿದ್ಧವಿತ್ತು, ರೈಲಿರಲಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಜನ ಕಾದರು. ಕೊನೆಗೆ 2024ರ ಫೆಬ್ರವರಿಯಲ್ಲಿ ಮೊದಲ ರೈಲು ಚೀನಾದಿಂದಲೇ ಬಂತು. ಉಳಿದವನ್ನು ಪಶ್ಚಿಮ ಬಂಗಾಳದ ಕಾರ್ಖಾನೆಯಲ್ಲಿ ತಯಾರಿಸುವುದೆಂದಾಯಿತು. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಇದನ್ನು ಹೇಳುವುದು ಆಡಿಕೊಳ್ಳಲಿಕ್ಕಲ್ಲ. ಅಷ್ಟು ದೊಡ್ಡ ಸರ್ಕಾರಕ್ಕೇ ಬೇರೆ ದಾರಿ ಸಿಗದೆ ಇಷ್ಟು ವರ್ಷ ಬೇಕಾಯಿತು. ಒಂದು ಸಂಜೆಯೊಳಗೆ ಅಂಗಡಿ ಖಾಲಿ ಮಾಡು ಎಂದು ನನಗೆ ಹೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಸಿಟ್ಟಿಗೆ ಗುರಿ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿಯ ನಂತರ ಬೆಂಗಳೂರಿನ ಇಂದಿರಾನಗರದಲ್ಲಿ ಕರಾಚಿ ಬೇಕರಿಯ ಮುಂದೆ ಗುಂಪು ಸೇರಿತು. ಬೋರ್ಡಿನ ಮೇಲಿದ್ದ 'ಕರಾಚಿ' ಎಂಬ ಹೆಸರನ್ನು ಅಂಗಡಿಯವರು ಮುಚ್ಚಬೇಕಾಯಿತು. ಆ ಬೇಕರಿ ಶುರು ಮಾಡಿದವರು ದೇಶ ವಿಭಜನೆಯಾದಾಗ ಎಲ್ಲ ಬಿಟ್ಟು ಈ ಕಡೆ ಬಂದ ಸಿಂಧಿ ನಿರಾಶ್ರಿತರು. ಹೈದರಾಬಾದಿನಲ್ಲಿ ಬಿಸ್ಕತ್ತು ಮಾಡಿ ಬದುಕು ಕಟ್ಟಿಕೊಂಡವರು. ಕಳೆದುಕೊಂಡ ಊರಿನ ಹೆಸರು ಇಟ್ಟುಕೊಂಡದ್ದೇ ಅವರ ತಪ್ಪಾಯಿತು. 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದ ಜೊತೆ ಸೇನಾ ಸಂಘರ್ಷ ನಡೆದ ಹೊತ್ತಲ್ಲಿ, ಹೈದರಾಬಾದಿನಲ್ಲೂ ಅದೇ ಬೇಕರಿಯ ಮೇಲೆ ದಾಳಿಯಾಯಿತು. ಇದರಿಂದ ಪಾಕಿಸ್ತಾನಕ್ಕೆ ಯಾವ ಪೆಟ್ಟು ಬಿತ್ತು? ಬಿದ್ದದ್ದು ನಮ್ಮವರಿಗೇ.

ಅದೇ ತಿಂಗಳು ಟರ್ಕಿ ಪಾಕಿಸ್ತಾನದ ಪರ ನಿಂತಿತು ಎಂದು ಪುಣೆಯ ಹಣ್ಣಿನ ವ್ಯಾಪಾರಿಗಳು ಟರ್ಕಿಯ ಸೇಬು ತರಿಸುವುದನ್ನು ನಿಲ್ಲಿಸಿದರು. ಉದಯಪುರದ ಅಮೃತಶಿಲೆ ವ್ಯಾಪಾರಿಗಳು ಅಲ್ಲಿಯ ಕಲ್ಲು ಬೇಡವೆಂದರು. ಇದನ್ನು ನಾನು ಗೌರವಿಸುತ್ತೇನೆ. ಅವರು ತಮ್ಮ ವ್ಯಾಪಾರದ ಬಗ್ಗೆ ತಾವೇ ಕೂತು ತೀರ್ಮಾನ ಮಾಡಿದರು. ಮುಂದೆ ತರಿಸುವ ಮಾಲನ್ನು ನಿಲ್ಲಿಸಿದರು. ನಷ್ಟವನ್ನು ತಾವೇ ಹೊತ್ತರು. ಯಾರ ಅಂಗಡಿಗೂ ಹೋಗಿ ಕಿತ್ತುಕೊಳ್ಳಲಿಲ್ಲ. ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಟರ್ಕಿ ಮೂಲದ ಸೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ಸರ್ಕಾರ ತಾನೇ ರದ್ದು ಮಾಡಿತು. ಮಾಡಬೇಕಾದವರು ಮಾಡಬೇಕಾದ ಜಾಗದಲ್ಲಿ ಮಾಡಿದರು.

ಸ್ವದೇಶಿ ಚಳವಳಿಯ ಹೆಸರನ್ನು ಈಗ ಎಲ್ಲರೂ ಹೇಳುತ್ತಾರೆ. 1905ರ ಆಗಸ್ಟ್ 7ರಂದು ಕೋಲ್ಕತ್ತದ ಟೌನ್ ಹಾಲ್‌ನಲ್ಲಿ ಬ್ರಿಟಿಷ್ ವಸ್ತುಗಳ ಬಹಿಷ್ಕಾರದ ನಿರ್ಣಯವಾಯಿತು. ಬಂಗಾಳದ ವಿಭಜನೆಯ ವಿರುದ್ಧ ಎದ್ದ ಆ ಚಳವಳಿ ದೇಶಕ್ಕೆ ದೊಡ್ಡ ಪಾಠ ಕಲಿಸಿತು. ಆದರೆ ಅದರಲ್ಲೂ ಒಂದು ಬಿರುಕಿತ್ತು. ದುಬಾರಿ ಸ್ವದೇಶಿ ಬಟ್ಟೆ ಕೊಳ್ಳಲಾಗದ ಬಡ ರೈತರ ಮೇಲೆ, ಹಳ್ಳಿ ಸಂತೆಯ ಸಣ್ಣ ವ್ಯಾಪಾರಿಗಳ ಮೇಲೆ ಕೆಲವು ಕಡೆ ಬಲವಂತ ನಡೆಯಿತು. ಜನರ ನಡುವೆಯೇ ಜಗಳ ಹುಟ್ಟಿತು. ಮೊದಲು ಚಳವಳಿಯ ಮುಂದೆ ನಿಂತಿದ್ದ ರವೀಂದ್ರನಾಥ ಠಾಕೂರರು ಆಮೇಲೆ ದೂರ ಸರಿಯಲು ಈ ಬಲವಂತವೂ ಒಂದು ಕಾರಣ. 1921ರ ಜುಲೈ 31ರಂದು ಮುಂಬೈಯ ಪರೇಲಿನಲ್ಲಿ ಗಾಂಧೀಜಿ ವಿದೇಶಿ ಬಟ್ಟೆಗೆ ಬೆಂಕಿ ಕೊಟ್ಟಾಗ ಜನ ತಂದು ಹಾಕಿದ್ದು ತಮ್ಮ ತಮ್ಮ ಮನೆಯ ಬಟ್ಟೆಗಳನ್ನು. ಅದರ ಜೊತೆಗೇ ಚರಕ ತಿರುಗುತ್ತಿತ್ತು. ಇದು ಬೇಡ ಅಂದವರ ಕೈಗೆ, ಇದು ತಗೋ ಅಂತ ಖಾದಿ ಕೊಡಲಾಗುತ್ತಿತ್ತು. ನಮ್ಮ ನಂಜನಗೂಡು ತಾಲ್ಲೂಕಿನ ಬದನವಾಳಿನಂಥ ಹಳ್ಳಿಯಲ್ಲೂ ಹೆಂಗಸರು ನೂಲು ತೆಗೆಯುತ್ತಿದ್ದರು. 1931ರಲ್ಲಿ ಗಾಂಧೀಜಿ ಇಂಗ್ಲೆಂಡಿನ ಲ್ಯಾಂಕಷೈರ್‌ಗೇ ಹೋದರು. ಬಹಿಷ್ಕಾರದ ಪೆಟ್ಟು ತಿಂದಿದ್ದ ಮಿಲ್ ಕಾರ್ಮಿಕರ ಮುಂದೆ ನಿಂತು ನಮ್ಮ ಹಳ್ಳಿಗಳ ಬಡತನ ವಿವರಿಸಿದರು. ತನ್ನ ಹೋರಾಟದಿಂದ ನೋವಾದವರ ಮುಖ ನೋಡುವ ಧೈರ್ಯ ಅವರಿಗಿತ್ತು.

ಇನ್ನೊಂದು ಉದಾಹರಣೆ ನನಗೆ ಬಹಳ ಹೆಮ್ಮೆಯದು. ಈಗ ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. 1946ರಲ್ಲಿ, ಸ್ವಾತಂತ್ರ್ಯ ಬರುವುದಕ್ಕೂ ಮುಂಚೆ, ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು. ಅಲ್ಲಿಯ ಬಿಳಿಯರ ಸರ್ಕಾರ ಭಾರತೀಯರ ಭೂಮಿಯ ಹಕ್ಕು ಕಿತ್ತುಕೊಳ್ಳುವ ಕಾಯ್ದೆ ತಂದಿತ್ತು. ಹಾಗೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ನಮ್ಮದು. ಆಗ ನಮ್ಮ ರಫ್ತಿನಲ್ಲಿ ನೂರಕ್ಕೆ ಐದರಷ್ಟು ಆ ದೇಶಕ್ಕೇ ಹೋಗುತ್ತಿತ್ತು. ಬಡ ದೇಶ ಆ ನಷ್ಟವನ್ನು ಗೊತ್ತಿದ್ದೇ ಹೊತ್ತುಕೊಂಡಿತು. ವರ್ಣಭೇದ ನೀತಿ ಮುಗಿಯುವ ಕಾಲದವರೆಗೂ, ನಾಲ್ಕು ದಶಕಕ್ಕಿಂತ ಹೆಚ್ಚು ಕಾಲ ಬಿಡಲಿಲ್ಲ. ಆ ಹೊರೆಯನ್ನು ಇಡೀ ದೇಶ ಹೊತ್ತಿತು. ಒಬ್ಬ ಅಂಗಡಿಯವನ ಬೆನ್ನ ಮೇಲೆ ಹೇರಲಿಲ್ಲ.

ಸರ್ಕಾರ ಮನಸ್ಸು ಮಾಡಿದರೆ ಈಗಲೂ ಆಗುತ್ತದೆ ಎಂಬುದಕ್ಕೆ ನನ್ನ ಅಂಗಡಿಯ ಆಟಿಕೆ ಕಪಾಟೇ ಸಾಕ್ಷಿ. 2020ರ ಫೆಬ್ರವರಿ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ನೂರಕ್ಕೆ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. 2021ರ ಜನವರಿ 1ರಿಂದ ಐಎಸ್ಐ ಗುರುತು ಇಲ್ಲದ ಆಟಿಕೆ ಮಾರುವಂತಿಲ್ಲ ಎಂದಾಯಿತು. ಚನ್ನಪಟ್ಟಣದ ಬೊಂಬೆಗಳಂಥ, ಇದು ಇಂಥ ಊರಿನದ್ದೇ ಎಂದು ಹೇಳುವ ಜಿಐ ಗುರುತಿನ ಸಾಮಾನಿಗೆ ಆ ನಿಯಮದಿಂದ ವಿನಾಯಿತಿಯೂ ಸಿಕ್ಕಿತು. ಅದು ಒಳ್ಳೆಯ ತೀರ್ಮಾನ. ಮನೆಯಲ್ಲಿ ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚುವವರು ಲ್ಯಾಬಿನ ಫೀಸು ಎಲ್ಲಿಂದ ತರಬೇಕು? 2018-19ರಲ್ಲಿ 37 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2021-22ರ ಹೊತ್ತಿಗೆ 11 ಕೋಟಿಗೆ ಇಳಿಯಿತು. ಈಗ ನನ್ನ ಅಂಗಡಿಯಲ್ಲಿ ದೇಶದಲ್ಲೇ ಮಾಡಿದ ಆಟಿಕೆ ಹಿಂದಿಗಿಂತ ಎಷ್ಟೋ ಜಾಸ್ತಿ ಇದೆ. ಯಾರೂ ಬಂದು ಬೆದರಿಸಿದ್ದಕ್ಕೆ ಹಾಗಾಗಲಿಲ್ಲ. ಹೋಲ್‌ಸೇಲಿನಲ್ಲಿ ಅದೇ ಸಿಗುತ್ತಿದೆ, ನಾನು ಅದನ್ನೇ ತರುತ್ತೇನೆ, ಅಷ್ಟೇ. ಔಷಧಿ ಕಚ್ಚಾ ಮಾಲಿಗೂ 2020ರಲ್ಲಿ 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಬಂತು. ಪೆನಿಸಿಲಿನ್-ಜಿ ತಯಾರಿಸುವ ಘಟಕ ಕಾಕಿನಾಡದಲ್ಲಿ ಶುರುವಾಗಲು 2024 ಆಯಿತು. ನಿಧಾನದ ಕೆಲಸ ಅದು. ಆದರೆ ಆಗುವ ಕೆಲಸ.

ಇದರ ಉಲ್ಟಾ ಆದದ್ದನ್ನೂ ಕರ್ನಾಟಕ ಅನುಭವಿಸಿದೆ. 2011ರ ಬಜೆಟ್ಟಿನಲ್ಲಿ ಆಗಿನ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿತು. ಚೀನಾ ರೇಷ್ಮೆ ಹರಿದು ಬಂತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ನೆಲ ಕಚ್ಚಿತು. ರೈತರು ಬೀದಿಗಿಳಿದರು. ಹಿಪ್ಪುನೇರಳೆ ತೋಟ ಕಿತ್ತು ಬೇರೆ ಬೆಳೆ ಹಾಕಿದವರಿದ್ದಾರೆ. 2013ರಲ್ಲಿ ಸುಂಕ 15ಕ್ಕೆ ಏರಿತು, ಅಷ್ಟರಲ್ಲಿ ಪೆಟ್ಟು ಬಿದ್ದಾಗಿತ್ತು. ದೆಹಲಿಯಲ್ಲಿ ಒಂದು ಸಾಲು ಬದಲಾದರೆ ಶಿಡ್ಲಘಟ್ಟದ ನೂಲು ಬಿಚ್ಚಣಿಕೆ ಮನೆಯ ಒಲೆ ಆರುತ್ತದೆ. ಹೀಗಿರುವಾಗ ಚೀನಾ ವಸ್ತುವಿನ ವಿರುದ್ಧದ ಹೋರಾಟ ನಮ್ಮ ಸರ್ಕಲ್ಲಿನಲ್ಲಿ ನಡೆದು ಏನು ಪ್ರಯೋಜನ?

ಬಾವುಟದ ವಿಷಯವನ್ನು ಹೇಳದೆ ಇರಲಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಹೆಣ್ಣುಮಕ್ಕಳು ಖಾದಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಚಕ್ರ ಸ್ವಲ್ಪ ಸರಿದರೂ, ಅಳತೆ ಕೂದಲೆಳೆ ತಪ್ಪಿದರೂ ಧ್ವಜ ವಾಪಸ್. ಅಂಥ ಶ್ರದ್ಧೆಯ ಕೆಲಸ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಯಿತು. ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಮನೆಮನೆಯಲ್ಲೂ ತ್ರಿವರ್ಣ ಎಂದಾಗ ನನ್ನ ಅಂಗಡಿಗೂ ಬಂದದ್ದು ಪಾಲಿಯೆಸ್ಟರ್ ಬಾವುಟದ ಬಂಡಲ್ಲೇ. ಖಾದಿ ಧ್ವಜಕ್ಕೆ ಬೇಡಿಕೆ ಕುಸಿಯಿತು, ಬೆಂಗೇರಿಯವರು ಪ್ರತಿಭಟನೆ ಮಾಡಬೇಕಾಯಿತು. ಸ್ವದೇಶಿ ಎಂಬುದಕ್ಕೆ ಬೆಂಗೇರಿಯ ಧ್ವಜಕ್ಕಿಂತ ಒಳ್ಳೆಯ ಉದಾಹರಣೆ ಯಾವುದಿದೆ ಸಚಿವರೇ? ಅದನ್ನು ಉಳಿಸಿಕೊಳ್ಳದೆ, ಸ್ವದೇಶಿ ಕೊಳ್ಳಿ ಎಂದು ಗಿರಾಕಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ವಸ್ತುಗಳ ಮೇಲೆ ನೂರಕ್ಕೆ 50ರಷ್ಟು ಸುಂಕ ಹಾಕಿದಾಗ ಇದೇ ಮಾತು ಮತ್ತೆ ಎದ್ದಿತು. ಈ ಸಲ ಅಮೆರಿಕದ ಕೋಲಾ, ಪಿಜ್ಜಾ. ಕೋಲಾ ಕುಡಿಯದಿದ್ದರೆ ನನಗೇನೂ ಬೇಜಾರಿಲ್ಲ. ಎಳನೀರು ಕುಡಿದರೆ ತಿಪಟೂರಿನ ತೆಂಗು ಬೆಳೆಗಾರರಿಗೂ ಒಳ್ಳೆಯದು. ಆದರೆ ಪಕ್ಕದ ಬೀದಿಯ ಬೇಕರಿಯವನು ಫ್ರಿಜ್ಜಿನಲ್ಲಿ ಇಟ್ಟ ಬಾಟಲಿಯನ್ನು ಒಡೆಯಲು ಯಾರೂ ಬರಬಾರದು. ಅವನೂ ನನ್ನ ಹಾಗೆ ದುಡ್ಡು ಕೊಟ್ಟು ತಂದಿರುತ್ತಾನೆ.

ಇನ್ನು ನನ್ನ ಬೇಡಿಕೆಗಳು.

ಒಂದು ದೇಶದ ಮಾಲು ಬೇಡ ಎಂದು ಸರ್ಕಾರಕ್ಕೆ ಅನಿಸಿದರೆ ದಯವಿಟ್ಟು ಅದನ್ನು ಬಂದರಿನಲ್ಲಿ ನಿಲ್ಲಿಸಿ. ಯಾವ ವಸ್ತು, ಯಾವ ದಿನಾಂಕದಿಂದ ಎಂದು ಅಧಿಸೂಚನೆ ಹೊರಡಿಸಿ. ಆಗಲೇ ತರಿಸಿದ ಮಾಲನ್ನು ಮಾರಿ ಮುಗಿಸಲು ಚಿಲ್ಲರೆ ವ್ಯಾಪಾರಿಗಳಿಗೆ ಕಾಲಾವಕಾಶ ಕೊಡಿ. ಆ ಆಜ್ಞೆಯನ್ನು ನಾನು ಮೊದಲ ದಿನದಿಂದಲೇ ಪಾಲಿಸುತ್ತೇನೆ, ಲಾಭ ಕಡಿಮೆಯಾದರೂ ಸರಿ.

ಹಾಗೆ ಅನಿಸದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಕಾನೂನಿನ ಪ್ರಕಾರ ಆಮದಾಗಿ, ತೆರಿಗೆ ಕಟ್ಟಿದ ವಸ್ತುವನ್ನು ಮಾರುವುದು ಅಪರಾಧವಲ್ಲ ಎಂದು ತಮ್ಮ ಬಾಯಿಂದ ಒಂದು ಮಾತು ಬಂದರೆ ದೇಶದ ಲಕ್ಷಾಂತರ ಸಣ್ಣ ಅಂಗಡಿಗಳಿಗೆ ರಕ್ಷಣೆ ಸಿಕ್ಕಂತಾಗುತ್ತದೆ. ಕೊಳ್ಳುವುದು ಬಿಡುವುದು ಗಿರಾಕಿಯ ಇಷ್ಟ. ಅಂಗಡಿಗೆ ನುಗ್ಗಿ ಕಿತ್ತುಕೊಳ್ಳುವವರ ಮೇಲೆ ಕೇಸು ಹಾಕಬೇಕೆಂದು ರಾಜ್ಯಗಳಿಗೆ ತಿಳಿಸುವಂತೆ ಗೃಹ ಇಲಾಖೆಗೆ ತಾವು ಬರೆಯಬೇಕು. ದೊಡ್ಡ ಮಾಲ್‌ಗೆ, ಆನ್‌ಲೈನ್ ಕಂಪನಿಯ ಗೋಡೌನಿಗೆ ಯಾವ ಗುಂಪೂ ಹೋಗುವುದಿಲ್ಲ. ಅಲ್ಲಿ ಸೆಕ್ಯುರಿಟಿ ಇರುತ್ತದೆ. ನಮ್ಮಲ್ಲಿ ಇರುವುದು ಒಂದು ಶಟರ್ರು.

ವಸ್ತು ಯಾವ ದೇಶದ್ದು ಎಂದು ಪ್ಯಾಕೆಟ್ಟಿನ ಮೇಲೆ ಬರೆಯಬೇಕೆಂಬ ನಿಯಮ ಇದೆ. ಅದನ್ನು ಗಟ್ಟಿಯಾಗಿ ಜಾರಿ ಮಾಡಿ. ಕೆಲವು ಬಾಕ್ಸುಗಳ ಮೇಲೆ ಅದು ಇರುವುದೇ ಇಲ್ಲ, ಇದ್ದರೆ ಭೂತಗನ್ನಡಿ ಬೇಕು. ಇಲ್ಲಿ ಜೋಡಿಸಿದ ಸಾಮಾನಿನಲ್ಲಿ ಒಳಗಿನ ಭಾಗ ಎಷ್ಟು ನಮ್ಮದು, ಎಷ್ಟು ಹೊರಗಿನದು ಎಂಬುದೂ ತಿಳಿಯಬೇಕು. ಮನಸಾರೆ ಬಹಿಷ್ಕಾರ ಮಾಡುವವನಿಗೆ ಸರಿಯಾದ ಮಾಹಿತಿಯನ್ನಾದರೂ ಕೊಡಬೇಕಲ್ಲ.

ಆಟಿಕೆಗೆ ಮಾಡಿದ್ದನ್ನು ಹಬ್ಬದ ದೀಪಗಳಿಗೆ, ಚಾರ್ಜರಿನಂಥ ಸಣ್ಣ ಎಲೆಕ್ಟ್ರಿಕಲ್ ಸಾಮಾನಿಗೆ ಮಾಡಿ. ಬರೀ ಸುಂಕ ಏರಿಸಿದರೆ ಬೆಲೆ ಏರುತ್ತದೆ, ಬಡ ಗಿರಾಕಿ ಬೈದುಕೊಂಡು ಹೋಗುತ್ತಾನೆ. ನಮ್ಮ ಪೀಣ್ಯದಂಥ ಕಡೆ ಸಣ್ಣ ಕಾರ್ಖಾನೆಗಳಿಗೆ ಸಾಲ, ಪರೀಕ್ಷೆಯ ಲ್ಯಾಬು, ಕಚ್ಚಾ ಮಾಲು ಸಿಗುವಂತೆ ಮಾಡಿ ಆಮೇಲೆ ಸುಂಕ ಏರಿಸಿ. ಕಚ್ಚಾ ರೇಷ್ಮೆಯ ಸುಂಕ ಇಳಿಸುವ ಮಾತು ಮತ್ತೆ ಯಾವಾಗಲಾದರೂ ಬಂದರೆ ರಾಮನಗರ, ಶಿಡ್ಲಘಟ್ಟದ ರೈತರನ್ನು, ನೂಲು ಬಿಚ್ಚುವ ರೀಲರುಗಳನ್ನು ಕೇಳದೆ ತೀರ್ಮಾನಿಸಬೇಡಿ. ಸರ್ಕಾರಿ ಕಚೇರಿ, ಶಾಲೆಗಳಿಗೆ ಖಾದಿ ಧ್ವಜವನ್ನೇ ಕೊಳ್ಳಬೇಕೆಂದು ಕೇಂದ್ರ ಒಂದು ಆದೇಶ ಹೊರಡಿಸಲಿ. ಬೆಂಗೇರಿಗೆ ಅದೇ ಸಾಕಷ್ಟು ಕೆಲಸ ಕೊಡುತ್ತದೆ.

ಬೆಂಕಿ ಹಾಕಿದ ಹುಡುಗರಿಗೂ ಇಲ್ಲೇ ಒಂದು ಮಾತು. ತಮ್ಮಂದಿರೇ, ನಿಮ್ಮ ಸಿಟ್ಟನ್ನು ನಾನು ಸುಳ್ಳು ಎನ್ನುವುದಿಲ್ಲ. ಮುಂದಿನ ಸಲ ಬಂದಾಗ ಕಿತ್ತುಕೊಳ್ಳಬೇಡಿ, ಕೂತು ಮಾತಾಡಿ. ದೇಶದಲ್ಲೇ ಮಾಡಿದ ಸೀರಿಯಲ್ ಸೆಟ್ಟು ಬೆಲೆ ಜಾಸ್ತಿಯಾದರೂ ಕೊಳ್ಳುತ್ತೇವೆ ಎಂದು ಐವತ್ತು ಮನೆಯವರು ಹೆಸರು ಬರೆಸಿದರೆ ನಾನೇ ಹುಡುಕಿ ತರಿಸುತ್ತೇನೆ. ನನ್ನ ಕಮಿಷನ್ ಕಡಿಮೆ ಮಾಡಿ ಕೊಡುತ್ತೇನೆ.

ಸಚಿವರೇ, ದೀಪಾವಳಿ ಮಾಲಿಗೆ ನಾವು ಆರ್ಡರ್ ಕೊಡುವುದು ಹಬ್ಬಕ್ಕೆ ಎರಡು ಮೂರು ತಿಂಗಳ ಮುಂಚೆ, ಹೆಚ್ಚಿನವರು ಸಾಲ ಮಾಡಿ. ಯಾವುದನ್ನು ತರಬಹುದು, ಯಾವುದನ್ನು ತರಬಾರದು ಎಂಬ ತಮ್ಮ ಮಾತು ಅಷ್ಟರೊಳಗೆ ನಮಗೆ ಸಿಗಬೇಕು. ಕನ್ನಡದಲ್ಲೂ ಸಿಗಲಿ, ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತೇನೆ.

ಗೌರವಗಳೊಂದಿಗೆ,

ತುಮಕೂರು ಜಿಲ್ಲೆಯ ಒಬ್ಬ ಚಿಲ್ಲರೆ ವ್ಯಾಪಾರಿ